ತಳ್ಳದೆಯೇ ಹೊರಡುವ ಕಾರು

ಹಳೆಯ ಕಾರುಗಳ ಹೊಟ್ಟೆಯಿಂದ ಎಂಜಿನ್ ತೆಗೆದು ಬ್ಯಾಟರಿ ತುಂಬುವ ಟಿವಿ ಕಾರ್ಯಕ್ರಮದ ಸನ್ಮಾನ್ಯ ನಿರೂಪಕರಿಗೆ,

ಮಾನ್ಯರೇ,

ತಾವೂ, ತಮ್ಮ ಕ್ಯಾಮೆರಾ ಬಳಗವೂ, ನಿಜವಾದ ಕೆಲಸ ಮಾಡುತ್ತಿದ್ದ ತಮ್ಮ ಮೆಕ್ಯಾನಿಕ್ಕುಗಳೂ, ಪ್ರತಿ ದೃಶ್ಯಕ್ಕೆ ಮುಂಚೆ ತಮ್ಮ ಕೆನ್ನೆಗೆ ಅಳತೆಯಾಗಿ ಒಂದಿಷ್ಟು ಗ್ರೀಸು ಹಚ್ಚುತ್ತಿದ್ದ ಆ ಮೇಕಪ್ಪಿನ ತಾಯಿಯೂ ಕ್ಷೇಮವಾಗಿದ್ದೀರೆಂದು ನಂಬಿ, ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವ ಧೈರ್ಯ ಮಾಡುತ್ತಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಲಾರದು. ಚಿತ್ರಗಳಿಗೆ ಕಟ್ಟು ಹಾಕುವುದು ನನ್ನ ಕಸುಬು. 'ಅಪ್ಪನ ಕಾರಿಗೆ ಮರುಹುಟ್ಟು' ಎಂಬ ಕಂತಿನಲ್ಲಿ, ಕಾರಿನ ಮೇಲಿನ ಮುಸುಕು ಸರಿದಾಗ ಬಾಯಿ ತೆರೆದು ನಿಂತಿದ್ದವನು ನಾನೇ. ಆ ಬಾಯಿಯನ್ನು ತಮ್ಮ ನಿರ್ದೇಶಕರು ಮತ್ತೆ ಮತ್ತೆ ತೆರೆಸಿ, ಕೊನೆಗೆ "ಸರ್, ಸ್ವಲ್ಪ ಕಣ್ಣೀರು ಬಂದ್ರೆ ಚೆನ್ನಾಗಿರುತ್ತೆ" ಎಂದು ಕೇಳಿಕೊಂಡಾಗ, ಎಷ್ಟು ತಿಣುಕಿದರೂ ನನಗೆ ಬಂದದ್ದು ಸೀನು ಮಾತ್ರ. ತಾವು ಅದನ್ನೇ ಕತ್ತರಿಸಿ ಜೋಡಿಸಿ ಭಾವೋದ್ವೇಗವಾಗಿ ತೋರಿಸಿದಿರಿ. ಆ ಕೈಚಳಕಕ್ಕೆ ನನ್ನ ನಮನಗಳು ಸಲ್ಲಬೇಕು.

ದೂರಿಗಿಂತ ಮೊದಲು ಹೊಗಳಿಕೆ ಬರಬೇಕಾದದ್ದು ಮರ್ಯಾದೆ. ನಮ್ಮ ಕಾರಿಗೆ ಬೀದಿಯವರು ಇಟ್ಟಿದ್ದ ಹೆಸರು ದಮ್ಮಿನ ದೊರೆ. ಅದು ಕೆಮ್ಮಿ ಎದ್ದಿತೆಂದರೆ ಪಕ್ಕದ ಮನೆಯ ಹೊಲಿಗೆಯಾಕೆ ಬಿಳಿ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಒಳಗೆ ಓಡುತ್ತಿದ್ದರು. ಗಾಳಿಯ ಶುದ್ಧತೆ ಅಳೆಯುವ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಮಗಳಂತೂ, ನಾನು ಕಚೇರಿಯ ಬಾಗಿಲವರೆಗೆ ಬಿಡುತ್ತೇನೆಂದರೆ ಕೈಮುಗಿದು, ಇನ್ನೊಂದು ಬೀದಿಯಲ್ಲೇ ಇಳಿದು ನಡೆದುಹೋಗುತ್ತಿದ್ದಳು. ತಮಗೆ ಅರ್ಜಿ ಹಾಕಿದವಳೂ ಅವಳೇ. ಈಗ ಹೊಗೆಯಿಲ್ಲ, ವಾಸನೆಯಿಲ್ಲ, ಶೆಡ್ಡಿನ ನೆಲದಲ್ಲಿ ಎಣ್ಣೆಯ ಕಲೆಯಿಲ್ಲ. ಹೊಲಿಗೆಯಾಕೆ ತಮ್ಮ ಹೆಸರು ಹೇಳಿ ಹರಸುತ್ತಾರೆ, ಮಗಳು ಕಚೇರಿಯ ಮೆಟ್ಟಿಲ ಬುಡದಲ್ಲೇ ಇಳಿಯುತ್ತಾಳೆ. ಭೂಮಿಗೆ ಒಳ್ಳೆಯದಾಗಿದೆ ಎಂಬುದರಲ್ಲಿ ನನ್ನ ತಕರಾರು ಏನೂ ಇಲ್ಲ.

ನನ್ನ ತಕರಾರು ಇಷ್ಟೇ: ಕಾರು ತಾನಾಗಿಯೇ ಹೊರಡುತ್ತದೆ.

ಇದು ತಮಗೆ ತಮಾಷೆಯಾಗಿ ಕಾಣಬಹುದು, ಆದ್ದರಿಂದ ವಿವರಿಸುತ್ತೇನೆ. ದಮ್ಮಿನ ದೊರೆ ಯಾವ ಬೆಳಿಗ್ಗೆಯೂ ಕೀಲಿಯ ಮಾತು ಕೇಳಿದ್ದಿಲ್ಲ. ನಾನು ಎರಡನೇ ಗೇರಿಗೆ ಹಾಕಿ, ಕ್ಲಚ್ಚು ಒತ್ತಿ ಕೂರಬೇಕು, ಹಿಂದಿನಿಂದ ನಾಲ್ಕು ಜನ ತಳ್ಳಬೇಕು, ಓಟ ಹತ್ತಿದ ಕೂಡಲೇ ನಾನು ಕ್ಲಚ್ಚು ಬಿಡಬೇಕು. ಆಗ ಅದು ಒಮ್ಮೆ ಮುಗ್ಗರಿಸಿ, ಕೆಮ್ಮಿ, ಜೀವ ಹಿಡಿಯುತ್ತಿತ್ತು. ತಳ್ಳಲು ಬರುತ್ತಿದ್ದವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬರುವ ಹೊಲಿಗೆಯಾಕೆ, ಕೈಗೆ ಏನಾದರೂ ಆದೀತೆಂದು ಬೆನ್ನಿನಿಂದ ತಳ್ಳುವ ಎದುರು ಮನೆಯ ಹಲ್ಲಿನ ಡಾಕ್ಟರು, ಬೇರೆ ಗತಿಯಿಲ್ಲದ ನನ್ನ ಹೆಂಡತಿ, ಮತ್ತು ಎರಡು ಮನೆಯಾಚೆ ಇರುವ ನನ್ನ ಅಣ್ಣ.

ಅಣ್ಣ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಅಪ್ಪ ಸಾಯುವಾಗ ಕಾರನ್ನು ದೊಡ್ಡ ಮಗನಿಗೆ ಕೊಡದೆ, ನನ್ನ ಮನೆಗೆ ಶೆಡ್ಡು ಇದೆಯೆಂಬ ಒಂದೇ ಕಾರಣಕ್ಕೆ ನನಗೆ ಕೊಟ್ಟುಹೋದರು. ಅಂದಿನಿಂದ ಅಣ್ಣ ನನ್ನ ಜೊತೆ ಮಾತು ಬಿಟ್ಟ. ಹೊಸಿಲು ತುಳಿಯಲಿಲ್ಲ, ನನ್ನ ಮನೆಯ ನೀರು ಮುಟ್ಟಲಿಲ್ಲ. ಆದರೆ ಅಪ್ಪನ ಕಾರು ಬೀದಿಯಲ್ಲಿ ನಿಂತು ಒದ್ದಾಡುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ದಿನವೂ ಬೆಳಿಗ್ಗೆ ಹಳೆಯ ಸೀಟಿ ಕೊರಳಿಗೆ ಹಾಕಿಕೊಂಡು ಬಂದು, ಉಳಿದವರನ್ನು ಸಾಲಾಗಿ ನಿಲ್ಲಿಸಿ, ಸೀಟಿ ಊದಿ ತಳ್ಳಿಸುತ್ತಿದ್ದ. ಅವನು ತಳ್ಳುತ್ತಿದ್ದದ್ದು ಅಪ್ಪನ ಕಾರನ್ನು, ಒಳಗೆ ಕೂತ ತಮ್ಮನನ್ನಲ್ಲ ಎಂಬುದು ಇಡೀ ಬೀದಿಗೆ ಗೊತ್ತಿದ್ದ ಒಪ್ಪಂದವಾಗಿತ್ತು.

"ಡಾಕ್ಟ್ರೇ, ಒಳಗೆ ಕೂತಿರೋ ಮಹಾನುಭಾವರಿಗೆ ಹೇಳಿ, ಕ್ಲಚ್ಚು ಬೇಗ ಬಿಡ್ಬೇಡಿ ಅಂತ" ಎಂದು ಅವನು ಕೂಗಿದರೆ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಡಾಕ್ಟರು ಕಿಟಕಿಯವರೆಗೆ ಬಂದು ಅದನ್ನೇ ಒಪ್ಪಿಸುವವರೆಗೆ ಕಾದಿದ್ದು, "ಹಿಂದಿರೋ ದೊಡ್ಡೋರಿಗೆ ಹೇಳಿ, ಗೊತ್ತಾಯ್ತು ಅಂತ" ಎನ್ನುತ್ತಿದ್ದೆ. ಅವನಿಗೆ ನೆಗಡಿಯಾದರೆ ನನಗೆ ಕಾರಿನ ವೇಗದಲ್ಲೇ ತಿಳಿಯುತ್ತಿತ್ತು. ಕನ್ನಡಿಯಲ್ಲಿ ಅವನ ಬಗ್ಗಿದ ಬಿಳಿ ತಲೆ ನೋಡಿಯೇ ನನ್ನ ದಿನ ಆರಂಭವಾಗಬೇಕಿತ್ತು. ಇದನ್ನು ಜಗಳ ಎನ್ನುತ್ತಾರೋ ಸಂಬಂಧ ಎನ್ನುತ್ತಾರೋ ನಾನರಿಯೆ. ನನಗೆ ಉಳಿದಿದ್ದ ಅಣ್ಣ ಅಷ್ಟೇ, ಅದೇ ನನಗೆ ಸಾಕಾಗಿತ್ತು.

ಇಂಥ ವ್ಯವಸ್ಥೆಯೊಳಗೆ ತಾವು ಪ್ರವೇಶ ಮಾಡಿದಿರಿ. ತಮ್ಮ ಲಾರಿ ಕಾರನ್ನು ಮನೆಯ ಮುಂದೆ ಇಳಿಸಿಹೋದ ಮರುದಿನ ಬೆಳಿಗ್ಗೆ ನಾನು ಕೀಲಿ ತಿರುಗಿಸಿದೆ. ಸದ್ದಿಲ್ಲ. ನಮ್ಮ ಬೀದಿಯಲ್ಲಿ ಕೀಲಿ ತಿರುಗಿಸಿದಾಗ ಸದ್ದಾಗಲಿಲ್ಲವೆಂದರೆ ಅರ್ಥ ಒಂದೇ, ಎಲ್ಲರೂ ಹೊರಬರಬೇಕು. ಬಂದರು. "ಟಿವಿಯವ್ರು ರಿಪೇರಿ ಮಾಡಿದ್ದು ಇಷ್ಟೇನಾ" ಎಂದು ಅಣ್ಣ ಡಾಕ್ಟರ ಕಡೆ ತಿರುಗಿ ಹೇಳಿದಾಗ ಅವನ ದನಿಯಲ್ಲಿ ಎಷ್ಟು ಖುಷಿಯಿತ್ತೆಂದರೆ, ನನಗೂ ಒಳಗೊಳಗೇ ಸಮಾಧಾನವಾಯಿತು. ಗೇರು, ಕ್ಲಚ್ಚುಗಳನ್ನು ತಾವು ಇದ್ದಂತೆಯೇ ಉಳಿಸಿದ್ದೀರಷ್ಟೇ. ನಾನು ರೂಢಿಯಂತೆ ಎರಡನೇ ಗೇರು ಹಾಕಿದೆ, ರೂಢಿಯಂತೆ ಎಕ್ಸಲರೇಟರನ್ನೂ ಅದುಮಿ ಹಿಡಿದೆ, ಸೀಟಿ ಕೇಳಿತು, ರೂಢಿಯಂತೆ ಕ್ಲಚ್ಚು ಬಿಟ್ಟೆ.

ತಮ್ಮ ಮೋಟಾರು ಕೀಲಿ ತಿರುಗಿಸಿದಾಗಲೇ ಎಚ್ಚರಗೊಂಡಿತ್ತೆಂಬುದು ನಮ್ಮಲ್ಲಿ ಯಾರಿಗೆ ತಾನೆ ಹೊಳೆಯಬೇಕು? ಕಾರು ಚಂಗನೆ ಹಾರಿ ಬೀದಿಯ ತಿರುವು ಸೇರಿತು. ಅದರ ಬೆನ್ನಿಗೆ ಮೈಭಾರವೆಲ್ಲ ಕೊಟ್ಟು ನಿಂತಿದ್ದ ಅಣ್ಣ, ಬಾಯಲ್ಲಿ ಸೀಟಿಯಿದ್ದಂತೆಯೇ ಬೀದಿಗೆ ಬೋರಲು ಬಿದ್ದ. ಅಂಗೈ ತರಚಿತು, ಗಲ್ಲ ತರಚಿತು, ಮುಂದಿನ ಹಲ್ಲಿನ ಒಂದು ಚೂರು ಮುರಿಯಿತು; ಇಡೀ ಪ್ರಸಂಗದಲ್ಲಿ ಕಸುಬು ನಡೆದದ್ದು ಡಾಕ್ಟರದು ಮಾತ್ರ. ನಾನು ಓಡಿಬರುವಷ್ಟರಲ್ಲಿ ಅಣ್ಣ ಎದ್ದು, ಧೂಳು ಸಹ ಕೊಡವಿಕೊಳ್ಳದೆ ತನ್ನ ಮನೆಗೆ ನಡೆದುಬಿಟ್ಟಿದ್ದ. ನನ್ನ ಹೆಂಡತಿ ಅತ್ತಿಗೆಯ ಬಳಿ ಹೋಗಿ, ಬೇಕೆಂದು ಮಾಡಿದ್ದಲ್ಲವೆಂದು ಗೋಗರೆದು ತಂದ ಅಣ್ಣನ ಉತ್ತರ ಹೀಗಿತ್ತು: "ನನ್ನ ಅಗತ್ಯ ಇಲ್ಲ ಅಂದ್ರೆ ಬಾಯಲ್ಲಿ ಹೇಳಿದ್ರೆ ಆಗ್ತಿತ್ತು. ನೆಲಕ್ಕೆ ಕೆಡವಿ ಹೇಳ್ಬೇಕಿರ್ಲಿಲ್ಲ."

ಅಂದಿನಿಂದ ಬೆಳಿಗ್ಗೆ ಅವನ ಮನೆಯ ಕಿಟಕಿ ಮುಚ್ಚಿರುತ್ತದೆ. ನಾನು ಕೀಲಿ ತಿರುಗಿಸುತ್ತೇನೆ, ಕಾರು ಕಳ್ಳನ ಹಾಗೆ ಸದ್ದಿಲ್ಲದೆ ಹೊರಡುತ್ತದೆ, ಕನ್ನಡಿಯಲ್ಲಿ ಖಾಲಿ ಬೀದಿ ಕಾಣುತ್ತದೆ. ಬಹಳ ಸಂಕಟವಾಗುತ್ತದೆ ಸ್ವಾಮಿ.

ಆದಕಾರಣ ತಮ್ಮ ಮಹಾನ್ ತಂತ್ರಜ್ಞಾನದ ಮುಂದೆ ಒಂದೆರಡು ಸಣ್ಣ ಬೇಡಿಕೆಗಳನ್ನಿಡುತ್ತೇನೆ. ಪರಿಸರಕ್ಕೆ ಕಿಂಚಿತ್ತೂ ಹಾನಿಯಾಗದಂಥ ಒಂದು ಕೆಡುಕನ್ನು ದಯವಿಟ್ಟು ನಮ್ಮ ಕಾರಿಗೆ ಅಳವಡಿಸಿಕೊಡಿ. ದಿನಕ್ಕೊಮ್ಮೆ, ಬೆಳಗಿನ ಹೊತ್ತು, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ತಳ್ಳಿದ ಮೇಲಷ್ಟೇ ಅದು ಕರುಣೆ ತೋರಬೇಕು, ಅದೂ ಕೆಮ್ಮಿ, ಮುಗ್ಗರಿಸಿ, ತಳ್ಳಿದವರಿಗೆ ಗೆದ್ದೆವೆಂಬ ಹೆಮ್ಮೆ ಬರುವ ಹಾಗೆ. ಕೆಟ್ಟದ್ದನ್ನು ಸರಿಪಡಿಸುವಷ್ಟು ಜಾಣರಾದ ತಮಗೆ ಸರಿಯಿರುವುದನ್ನು ಕೆಡಿಸುವುದು ಎಷ್ಟರ ಮಾತು? ಅದಾಗದಿದ್ದರೆ ತಾವೇ ಖುದ್ದಾಗಿ ಬಂದು, ಗ್ರೀಸು ಹಚ್ಚಿಕೊಂಡೋ ಮುಖ ತೊಳೆದುಕೊಂಡೋ, ಅಣ್ಣನ ಗೇಟಿನ ಮುಂದೆ ನಿಂತು, ಸದ್ದು ಮಾಡದೆಯೂ ಒಂದು ಕಾರು ಬದುಕಿರಬಲ್ಲದೆಂದು ಅವನಿಗೆ ಮನದಟ್ಟು ಮಾಡಿಸಬೇಕು. ಬರುವಾಗ ಹೆಲ್ಮೆಟ್ ಧರಿಸಿದ್ದರೆ ಉತ್ತಮ. ಎರಡೂ ಆಗದೆಂದಾದರೆ ಆ ಹಳೆಯ ಎಂಜಿನನ್ನಾದರೂ ಮರಳಿಸಿ. ಹೊಲಿಗೆಯಾಕೆಗೂ ಮಗಳಿಗೂ ನಾನು ಹೇಗೋ ಮುಖ ತೋರಿಸಿಕೊಳ್ಳುತ್ತೇನೆ.

ತಮ್ಮ ಕಾರ್ಯಕ್ರಮ ಇನ್ನೂ ನೂರಾರು ಮುದಿ ಕಾರುಗಳನ್ನು ಉದ್ಧರಿಸಲೆಂದೂ, ಉದ್ಧರಿಸುವ ಮುನ್ನ ಅವುಗಳನ್ನು ಯಾರು ತಳ್ಳುತ್ತಿದ್ದರೆಂದು ಒಂದು ಮಾತು ವಿಚಾರಿಸಲೆಂದೂ ಹಾರೈಸುವ,

ತಮ್ಮ ವಿಶ್ವಾಸಿ,
ಹೊಗೆಯಿಲ್ಲದ ಕಾರಿನ ಒಡೆಯ

ತಾ.ಕ.: ಈ ಪತ್ರವನ್ನು ಬಹಿರಂಗ ಪತ್ರವಾಗಿ ಅಚ್ಚು ಹಾಕಿಸೋಣವೆಂದು ಪತ್ರಿಕಾ ಕಚೇರಿಗೆ ಕೊಡಲು ಹೊರಟವನು ಕಾರಿನ ಸಮೇತ ದಾರಿಯಲ್ಲೇ ನಿಂತೆ. ಹಳೆಯ ಅಂದ ಕೆಡಬಾರದೆಂದು ತಾವು ಅಪ್ಪನ ಕಾಲದ ಪೆಟ್ರೋಲಿನ ಮುಳ್ಳನ್ನೇ ಉಳಿಸಿದ್ದೀರಿ. ಅದು ಅಪ್ಪನ ಕಾಲದಿಂದಲೂ ಅರ್ಧಕ್ಕೇ ಅಂಟಿಕೊಂಡಿರುವುದರಿಂದ, ಬ್ಯಾಟರಿ ಬರಿದಾದದ್ದು ನನಗೆ ತಿಳಿಯಲಿಲ್ಲ. ಬೇಕರಿಯಿಂದ ಬ್ರೆಡ್ಡು ಹಿಡಿದು ಬರುತ್ತಿದ್ದ ಅಣ್ಣ ಕಾರಿನ ಸುತ್ತ ಒಂದು ಸುತ್ತು ಬಂದ. ಮಾತು ದಾಟಿಸಲು ಡಾಕ್ಟರಿಗಾಗಿ ಅತ್ತ ಇತ್ತ ನೋಡಿದ. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಕೊನೆಗೆ ಕಿಟಕಿಗೆ ಬಗ್ಗಿ, "ತಳ್ಳಿದ್ರೆ ಹೊರಡುತ್ತಾ ಇದು?" ಎಂದು ನನ್ನನ್ನೇ ಕೇಳಿದ. "ಇಲ್ಲಣ್ಣ, ಎಷ್ಟು ತಳ್ಳಿದ್ರೂ ಹೊರಡಲ್ಲ. ಮನೆ ತನಕ ತಳ್ಕೊಂಡೇ ಹೋಗ್ಬೇಕು" ಎಂದೆ. "ಹಾಗಾದ್ರೆ ಒಳಗೇನು ಕೂತಿದ್ದೀಯ, ಇಳಿ" ಎಂದ. ಒಂದು ಬಾಗಿಲಿಗೆ ಅವನು, ಇನ್ನೊಂದಕ್ಕೆ ನಾನು ಭುಜ ಕೊಟ್ಟು, ತಮ್ಮ ಬ್ಯಾಟರಿಗಳ ಭಾರಕ್ಕೆ ಇಬ್ಬರೂ ಸೇರಿ ಶಾಪ ಹಾಕುತ್ತ, ಅಪ್ಪನನ್ನೂ ಸ್ವಲ್ಪ ಬೈಯುತ್ತ ಮನೆ ಮುಟ್ಟಿದೆವು. ಗೇಟಿನ ಬಳಿ ಏದುಸಿರು ಬಿಡುತ್ತ, ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆಂದು ಅಣ್ಣ ವಿಚಾರಿಸಿದ. ಹೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ನಾಳೆ ಅದಕ್ಕಿಂತ ಸ್ವಲ್ಪ ದೂರಾನೇ ಹೋಗೋಣ" ಎಂದ. ಆದುದರಿಂದ ಮಾನ್ಯರೇ, ನಾಳೆ ತಾವಾಗಲೀ ತಮ್ಮವರಾಗಲೀ ಆ ದಾರಿಯಲ್ಲಿ ಬಂದು ನಮ್ಮನ್ನು ಕಾಪಾಡಬಾರದಾಗಿ ವಿನಂತಿ.