ದೋಣಿ ಇಳಿಯೋದಕ್ಕೂ ರಾಹುಕಾಲ ನೋಡಬೇಕೆ?

ಹೊಳೆಯಿಲ್ಲದ ಊರಲ್ಲಿ ದೋಣಿ ಬಿಟ್ಟವನಿಗೆ ನಗೋದಕ್ಕೆ ಬೇರೆ ಕಾರಣ ಬೇಕಿಲ್ಲ, ದಿನಾ ಒಂದಲ್ಲ ಒಂದು ದಡಕ್ಕೆ ಬಂದು ನಿಂತಿರುತ್ತೆ. ಮಾಮೂಲ್‌ಪೇಟೆಯಲ್ಲಿ ನನ್ನದು ಹಗ್ಗದ ಅಂಗಡಿ. ಮಲ್ಲೇಶ್ವರದ ಕಡೆಯ ಒಂದು ಕೆರೆಗೆ ಹಗ್ಗ ಕೊಡಲು ಹೋದವನು ದೋಣಿವಿಹಾರದ ಲೈಸೆನ್ಸನ್ನೇ ಹಿಡಿದುಕೊಂಡು ಬಂದೆ. ಆರು ಪೆಡಲ್ ದೋಣಿ, ಒಂದು ಬೋಂಡಾ ಅಂಗಡಿ, ಒಂದು ಶೌಚಾಲಯ. ವರ್ಷಕ್ಕೊಮ್ಮೆ ಕೆರೆ ನೋಡಿಕೊಳ್ಳುವ ಇಲಾಖೆಯ ಸಾಹೇಬರು ಬಂದು ನೋಡಿ ಒಪ್ಪಿದರೆ ಲೈಸೆನ್ಸು ಮುಂದುವರಿಯುತ್ತೆ, ಇಲ್ಲದಿದ್ದರೆ ದೋಣಿಗಳನ್ನು ಮನೆ ತಾರಸಿಯ ಮೇಲೆ ಮಗುಚಿ ಹಾಕಬೇಕು.

ಭಾನುವಾರ ನಾಲ್ಕೂವರೆ

ಭಾನುವಾರ ಸಂಜೆ ನಾಲ್ಕೂವರೆಯಿಂದ ಆರು ರಾಹುಕಾಲ. ನನ್ನ ವ್ಯಾಪಾರ ಕುದುರುವುದೂ ಆಗಲೇ. ಬಸವನಗುಡಿಯ ಒಂದು ಸಂಸಾರ ದಡದಲ್ಲೇ ನಿಂತುಬಿಟ್ಟಿತು.

"ರಾಹುಕಾಲ ಬರ್ತಾ ಇದೆ, ಬೇಡ ಬಿಡಿ" ಅಂದರು ಯಜಮಾನರು.

"ಇನ್ನೂ ಐದು ನಿಮಿಷ ಇದೆ ಸ್ವಾಮಿ. ಮೊದಲೇ ಹತ್ತಿಬಿಟ್ರೆ ದೋಷ ಇಲ್ಲ."

ಹತ್ತಿದರು. ಅರ್ಧ ಗಂಟೆಯ ಟಿಕೆಟ್ ಮುಗಿಯಿತು. ಸೀಟಿ ಊದಿದೆ. ದೋಣಿ ದಡಕ್ಕೆ ಬಂತು, ಜನ ಇಳಿಯಲಿಲ್ಲ.

"ಇಳಿಯೋದೂ ಒಂದು ಹೊಸ ಕಾರ್ಯ ಅಲ್ವೇನ್ರೀ? ಆರು ಗಂಟೆ ಆಗಲಿ" ಅಂದರು. ಅವರ ಮನೆಯವರು ಕೂತಲ್ಲಿಂದಲೇ "ಬೋಂಡಾ ಬಿಸಿ ಇದ್ರೆ ಇಲ್ಲಿಗೇ ಕಳಿಸಿ" ಅಂತ ಸೇರಿಸಿದರು.

ಮುಂದಿನ ಭಾನುವಾರ ಒಂದು ಬೋರ್ಡು ಬರೆಸಿದೆ: 'ಇಳಿಯುವುದಕ್ಕೆ ರಾಹುಕಾಲ ಅನ್ವಯಿಸುವುದಿಲ್ಲ.'

ಅಕ್ಕಿಪೇಟೆಯ ಲೆಕ್ಕ

ಅಕ್ಕಿಪೇಟೆಯ ಮಂಡಿಯವರೊಬ್ಬರು ಟಿಕೆಟ್ ಕಿಂಡಿಯ ಮುಂದೆ ನಿಂತು ಕೇಳಿದರು: "ಈ ದೋಣಿ ಎಲ್ಲಿಗೆ ಹೋಗುತ್ತೆ?"

"ಒಂದು ಸುತ್ತು ಹಾಕ್ಕೊಂಡು ಇಲ್ಲಿಗೇ ಬರುತ್ತೆ."

"ಇಲ್ಲೇ ಇದೀನಲ್ರೀ. ಇಲ್ಲಿಗೆ ಬರೋದಕ್ಕೆ ಟಿಕೆಟ್ ಯಾಕೆ?"

ವ್ಯಾಪಾರಿಗೆ ವ್ಯಾಪಾರಿಯೇ ಉತ್ತರ ಹೇಳಬೇಕು. "ಬರೋದು ಫ್ರೀ ಯಜಮಾನ್ರೆ. ಟಿಕೆಟ್ ಹೋಗೋದಕ್ಕೆ ಮಾತ್ರ" ಅಂದೆ.

ಕ್ಷಣ ಯೋಚಿಸಿ ಎರಡು ಕೊಂಡರು.

ಮಡಿ ಜಾಕೆಟ್ಟು

ತೇಲುವ ಜಾಕೆಟ್ಟು ಹಾಕದವರನ್ನು ದೋಣಿಗೆ ಹತ್ತಿಸುವಂತಿಲ್ಲ, ಲೈಸೆನ್ಸಿನ ಮೊದಲ ಷರತ್ತೇ ಅದು. ಚಾಮರಾಜಪೇಟೆಯ ಅಜ್ಜಿಯೊಬ್ಬರು ಜಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಯಾರ್ಯಾರು ಹಾಕ್ಕೊಂಡು ಬೆವೆತಿದ್ರೋ. ಒಗೆದು ಎಷ್ಟು ದಿನ ಆಯ್ತಪ್ಪಾ?"

ಒಳಗೆ ಹೋಗಿ, ಬೇರೆಯದೊಂದನ್ನು ನೀರಲ್ಲಿ ಅದ್ದಿ ಹಿಂಡಿ ತಂದೆ. "ಇದು ಮಡೀದು ಅಜ್ಜಿ. ಬೇರೆ ಇಟ್ಟಿರ್ತೀವಿ." ಅಜ್ಜಿ ಸಂತೋಷವಾಗಿ ಒದ್ದೆ ಜಾಕೆಟ್ಟಲ್ಲೇ ಹೋಗಿಬಂದರು.

ಸುದ್ದಿ ಹಬ್ಬಿತು. ಬಂದವರೆಲ್ಲ ಮಡೀದೇ ಕೇಳತೊಡಗಿದರು, ನಾನೂ ಒಂದೊಂದಾಗಿ ಅದ್ದುತ್ತಾ ಹೋದೆ. ಕೊನೆಗೆ ಅದ್ದದೆ ಉಳಿದದ್ದು ಒಂದೇ. ಅದು ಮೈಲಿಗೆ ಅಂತ ಯಾರೂ ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ ಇಡೀ ಕೆರೆಯಲ್ಲಿ ಮಡಿಯಾಗಿದ್ದದ್ದು ಅದೊಂದೇ.

ತೂಬು ತೆಗೆಸಿದ ಸಾಹೇಬರು

ಮೊಬೈಲು ಆಗತಾನೆ ಎಲ್ಲರ ಜೇಬಿಗೆ ಇಳಿಯುತ್ತಿದ್ದ ಕಾಲ. ಹೊಸದಾಗಿ ಬಂದ ಸಾಹೇಬರು ಕೆರೆಯ ಆಡಳಿತವನ್ನೆಲ್ಲ ಫೋನಿನಲ್ಲೇ ನಡೆಸುತ್ತಿದ್ದರು. ಕೆರೆಯ ತೂಬು ತೆಗೆದು ಮುಚ್ಚುವವನು ನೀರುಗಂಟಿ. ಏರಿಯ ಮೇಲಿನ ಶೆಡ್ಡಿನಲ್ಲಿ ಅವನಿಗೊಂದು ಫೋನಿತ್ತು. ಸಾಹೇಬರ ದನಿ ಗೊತ್ತು, ಮುಖ ಗೊತ್ತಿಲ್ಲ.

ಆ ಸಲ ಲೈಸೆನ್ಸಿನ ತಪಾಸಣೆಗೆ ಅವರೇ ಬಂದರು. ಬೋಂಡಾ ತಿಂದರು, ಶೌಚಾಲಯ ನೋಡಿದರು, ನನ್ನ ಜೊತೆ ದೋಣಿ ಹತ್ತಿದರು.

"ಆ ತುದಿಗೆ ಬೇಡ ಸಾರ್, ಹೂಳು ಜಾಸ್ತಿ" ಅಂದೆ.

"ತಪಾಸಣೆ ಅಂದ್ಮೇಲೆ ಪೂರ್ತಿ ಆಗ್ಬೇಕು. ತುಳೀರಿ."

ತುಳಿದೆ. ಆ ತುದಿಯಲ್ಲಿ ದೋಣಿ ಕೆಸರಿಗೆ ಕಚ್ಚಿ ಕೂತಿತು. ನೋಡಿದರೆ ನೀರು ಒಂದು ಗೇಣು ಇಳಿದಿದೆ, ಇನ್ನೂ ಇಳಿಯುತ್ತಿದೆ. ಏರಿಯ ಮೇಲೆ ನೀರುಗಂಟಿ ಬೀಡಿ ಸೇದುತ್ತಾ ನಿಂತಿದ್ದ.

"ತೂಬು ಯಾಕೋ ತೆಗೆದೆ?" ಅಂತ ಸಾಹೇಬರು ಕೂಗಿದರು.

"ಗಣೇಶ ಬಿಡೋ ಮೆಟ್ಟಿಲು ರಿಪೇರಿಗೆ. ನೆನ್ನೆ ಸಾಹೇಬ್ರು ಫೋನ್ ಮಾಡಿದ್ರು."

"ಆ ಸಾಹೇಬ ನಾನೇ ಕಣಯ್ಯಾ. ಮುಚ್ಚು. ಹಗ್ಗ ಎಸಿ."

ನೀರುಗಂಟಿ ಅವರನ್ನು ಮೇಲಿಂದ ಕೆಳಗೆ ನೋಡಿದ. ಮೈಮೇಲೆ ಕಿತ್ತಳೆ ಜಾಕೆಟ್ಟು, ಪ್ಯಾಂಟಿಗೆ ಕೆಸರು. "ಸಾಹೇಬ್ರು ಕೆರೆಗೆ ಬರಲ್ಲ ಸ್ವಾಮಿ. ಆಫೀಸಲ್ಲಿ ಇರ್ತಾರೆ" ಅಂದ.

ಸಾಹೇಬರು ಮೊಬೈಲು ತೆಗೆದರು. ಶೆಡ್ಡಿನಲ್ಲಿ ಫೋನು ಹೊಡೆದುಕೊಂಡಿತು. ನೀರುಗಂಟಿ ಬೀಡಿ ಎಸೆದು ಒಳಗೆ ಓಡಿದ. ಅವನ ಮಾತು ಮೊಬೈಲಿನಿಂದ ನನಗೂ ಕೇಳಿಸಿತು.

"ನಮಸ್ಕಾರ ಸಾರ್. ಆಯ್ತು ಸಾರ್, ಈಗ್ಲೇ ಮುಚ್ತೀನಿ. ಸಾರ್, ಇಲ್ಲಿ ಕೆಸರಲ್ಲಿ ಒಬ್ಬ ಸಿಕ್ಕಾಕ್ಕೊಂಡು, ನಾನೇ ಸಾಹೇಬ ಅಂತ ನಿಮ್ಮ ಹೆಸರಲ್ಲಿ ಕೂಗಾಡ್ತಾವ್ನೆ. ಹಗ್ಗ ಕೊಡ್ಲಾ, ಪೊಲೀಸ್‌ಗೆ ಕೊಡ್ಲಾ?"

ಸಾಹೇಬರು ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. "ಕೆಸರಲ್ಲಿರೋನು ನಾನೇ ಅಂತ ನನ್ನ ಬಾಯಿಂದ ಹೇಗೆ ಹೇಳ್ಲಿ? ನಿಮ್ಮ ಮುಖ ಅವನಿಗೆ ಗೊತ್ತಲ್ವಾ? ನಾನು ಯಾರು ಅಂತ ನೀವೇ ಹೇಳಿ. ಲೈಸೆನ್ಸ್ ವಿಷಯ ಆಮೇಲೆ ಮಾತಾಡೋಣ."

"ಹೇಳ್ತೀನಿ ಸಾರ್, ಅದಕ್ಕೇನು" ಅಂದೆ. "ಲೈಸೆನ್ಸ್ ವಿಷಯ ಮೊದಲು ಮಾತಾಡಿಬಿಡೋಣ."