ಹೆಗ್ಗಣಕ್ಕೆ ಹೇಳಬಾರದ ಇಂಗ್ಲಿಷ್

ನನ್ನ ಹೊಟ್ಟೆಯಲ್ಲಿ ಅನ್ನ ನಿಂತೀತು, ಮಾತು ನಿಲ್ಲದು. ಅದರಲ್ಲೂ ಇಂಗ್ಲಿಷ್ ಪದವೊಂದರ ಹುಟ್ಟು ಗೊತ್ತಿದ್ದರಂತೂ ಮುಗಿದೇ ಹೋಯಿತು. ಕಡೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತನಾದ ಮೇಲೂ, ಹಣ್ಣಿನ ಗಾಡಿಯ ಮುಂದೆ ನಿಂತು ‘ಮ್ಯಾಂಗೋ’ ಎಲ್ಲಿಂದ ಬಂತೆಂದು ವಿವರಿಸಿ, ಹಣ್ಣು ಮರೆತು ಮನೆಗೆ ಬಂದವನು ನಾನು.

ಈ ಗುಣ ಮನೆಗೇ ಮುಳುವಾದದ್ದು ಹೆಗ್ಗಣದ ವಿಷಯದಲ್ಲಿ. ನನ್ನ ಹೆಂಡತಿ ಗಿರಿಜೆಯ ಅಣ್ಣನ ಮಗಳಿಗೆ ಅಜ್ಜಂಪುರದಲ್ಲಿ ಮದುವೆ. ಹುಡುಗಿಯ ಮಡಿಲು ತುಂಬಲು ಕೊಬ್ಬರಿ ಬಟ್ಟಲು ಒಯ್ಯಬೇಕಾದವಳು ಸೋದರತ್ತೆ ಗಿರಿಜೆಯೇ. ಪಂಚನಹಳ್ಳಿಯಿಂದ ತರಿಸಿ, ಅಂಚು ಮುಕ್ಕಾಗದವನ್ನೇ ಆರಿಸಿ, ಡಬ್ಬಿಗೆ ಹಾಕಿದರೆ ಮುಗ್ಗುತ್ತದೆಂದು ಉಗ್ರಾಣದಲ್ಲಿ ಬುಟ್ಟಿಯಲ್ಲಿಟ್ಟಿದ್ದಳು. ಮುಕ್ಕಾದ ಕೊಬ್ಬರಿ ಒಯ್ದರೆ ಅತ್ತಿಗೆಯೆದುರು ತಲೆಯೆತ್ತುವ ಹಾಗಿಲ್ಲ. ಅಷ್ಟರಲ್ಲಿ ಉಗ್ರಾಣದ ಮೂಲೆಯಲ್ಲಿ ಹೊಸ ಮಣ್ಣಿನ ಗುಡ್ಡೆ ಕಾಣಿಸಿತು.

ಹೆಗ್ಗಣಕ್ಕೆ ಬೋನಿಡುವ ಮಾತನ್ನು ಮನೆಯೊಳಗೆ ಆಡಬಾರದು, ಅದು ಕೇಳಿಸಿಕೊಂಡು ಸೇಡು ತೀರಿಸಿಕೊಳ್ಳುತ್ತದೆ ಎಂಬುದು ನಮ್ಮವರ ನಂಬಿಕೆ. ಪಕ್ಕದ ಮನೆಯ ಬಷೀರ್ ಸಾಹೇಬರ ಬೋನನ್ನು ಗಿರಿಜೆ ತಂದದ್ದೂ ಸೆರಗಿನಲ್ಲಿ ಮುಚ್ಚಿಕೊಂಡೇ.

“ಬ್ಯಾಂಡಿಕೂಟ್ ಅನ್ನೋಣ ಬಿಡೇ. ಅದಕ್ಕೇನು ಇಂಗ್ಲಿಷ್ ಬರುತ್ತಾ?” ಎಂದೆ. ಮದುವೆಯಾದ ಮೇಲೆ ಅವಳು ಒಪ್ಪಿದ ನನ್ನ ಮೊದಲ ಸಲಹೆ ಅದೇ ಇರಬೇಕು.

ಸಂಜೆ ಬಷೀರ್ ಸಾಹೇಬರು ಬೋನಿಗೆ ವಡೆ ಸಿಕ್ಕಿಸುತ್ತಾ, “ಮೇಷ್ಟ್ರೇ, ಬ್ಯಾಂಡಿಕೂಟ್ ಅಂದ್ರೆ ಏನ್ರೀ?” ಎಂದರು. ಕೇಳಬಾರದಿತ್ತು. ಉಗ್ರಾಣದ ಬಾಗಿಲಲ್ಲೇ ನಿಂತು ಶುರುಮಾಡಿದೆ. ಇದು ಇಂಗ್ಲಿಷೇ ಅಲ್ಲ, ತೆಲುಗಿನ ‘ಪಂದಿಕೊಕ್ಕು’. ಪಂದಿ ಎಂದರೆ ಹಂದಿ, ಕೊಕ್ಕು ಎಂದರೆ ಇಲಿ. ಹಂದಿಯಂಥ ಇಲಿ! ಬಿಳಿಯರ ನಾಲಿಗೆ ಹೊರಳದೆ ಹೀಗಾಯಿತು. ಆಮೇಲೆ ಅವರು ಆಸ್ಟ್ರೇಲಿಯಾಕ್ಕೆ ಹೋಗಿ, ಹೊಟ್ಟೆಯಲ್ಲಿ ಚೀಲವಿರುವ ಉದ್ದಮೂತಿಯ ಬೇರೆಯೇ ಪ್ರಾಣಿಗೂ ಅದೇ ಹೆಸರಿಟ್ಟರು. “ಒಟ್ಟಿನಲ್ಲಿ ಸಾಹೇಬ್ರೇ, ನಾವೀಗ ಹಿಡಿಯೋಕೆ ಹೊರಟಿರೋದು ಈ ಹೆಗ್ಗಣವನ್ನೇ!” ಎಂದು ಗಟ್ಟಿಯಾಗಿ ಮುಗಿಸಿದೆ. ಗಿರಿಜೆ ಕಣ್ಣರಳಿಸಿ ನೋಡುತ್ತಿದ್ದಳು. ಮೆಚ್ಚುಗೆ ಅಂದುಕೊಂಡೆ.

ಬೆಳಿಗ್ಗೆ ಬೋನಿನಲ್ಲಿ ವಡೆ ಇದ್ದ ಹಾಗೇ ಇತ್ತು. ಬುಟ್ಟಿಯಲ್ಲಿ ಮೇಲಿದ್ದ ಕೊಬ್ಬರಿ ಬಟ್ಟಲಲ್ಲಿ ಅರ್ಧ ಇರಲಿಲ್ಲ.

“ಹಂದಿ ಅಂದ್ರಲ್ಲ, ಅದಕ್ಕೇ! ಯಾರಿಗಾದ್ರೂ ಹಂದಿ ಅಂದ್ರೆ ಬೇಜಾರಾಗಲ್ವೇನ್ರೀ?” ಗಿರಿಜೆಯ ಕಣ್ಣಲ್ಲಿ ನೀರಿತ್ತು. ನಾನು, ಇದೆಲ್ಲ ಮೂಢನಂಬಿಕೆ, ಹೆಗ್ಗಣಕ್ಕೆ ಭಾಷೆಯೆಲ್ಲಿ ತಿಳಿಯುತ್ತದೆ ಎಂದು ಹೇಳಹೊರಟೆ. ಅವಳಾಗಲೇ ಗೋಡೆಯ ಬಳಿ ಬಷೀರ್ ಸಾಹೇಬರೊಡನೆ ಪಿಸುಗುಟ್ಟುತ್ತಿದ್ದಳು. ಏನೆಂದು ಕೇಳಿದ್ದಕ್ಕೆ, “ಏನಿಲ್ಲ ಕಣ್ರೀ. ನೀವು ತರೀಕೆರೆಗೆ ಹೋಗಿ ನಿಮ್ ತಂಗೀನ ಮಾತಾಡಿಸ್ಕಂಡ್ ಬನ್ನಿ. ನಾಳೆ ಬಂದ್ರೆ ಸಾಕು” ಎಂದಳು.

ತಂಗಿಗೆ ಬ್ಯಾಂಡಿಕೂಟಿನ ಕಥೆ ಪೂರ್ತಿ ಹೇಳಿ, ಮರುದಿನ ಮಧ್ಯಾಹ್ನ ಬಂದೆ. ಅಂಗಳದಲ್ಲಿ ಬೋನು, ಬೋನಿನೊಳಗೆ ಹೆಗ್ಗಣ. ಉಳಿದ ಕೊಬ್ಬರಿಗೆ ಹಲ್ಲು ತಾಗಿರಲಿಲ್ಲ. ಬಷೀರ್ ಸಾಹೇಬರು ನನ್ನನ್ನು ಕಂಡದ್ದೇ ಮೀಸೆಯಲ್ಲಿ ನಕ್ಕರು.

“ಏನಿಟ್ಟು ಹಿಡಿದ್ರಿ?” ಎಂದೆ.

“ಅದೇ ವಡೆ ಕಣ್ರೀ,” ಎಂದಳು ಗಿರಿಜೆ. “ಮನೇಲಿ ಯಾರೂ ಪಾಠ ಮಾಡ್ಲಿಲ್ಲ, ಅಷ್ಟೆ.”