ಪಾದಸೇವಕನ ಎರಡು ತಟ್ಟೆಗಳು

ಒಂದು ಲೋಟ ಚಹಾದ ಆಸೆಗೆ ಬಿದ್ದು ನಮ್ಮ ಪಾದಸೇವಕ ಅಂದು ಕೆಟ್ಟ.

ರೋಗಾಣುಗಳನ್ನು ನುಂಗುವ ಜೀವಕೋಶಗಳು ನಿಂತ ಜಾಗವನ್ನು ಹಿಡಿದುಕೊಳ್ಳಲು ಪುಟ್ಟ ಪಾದಗಳನ್ನು ಊರುತ್ತವೆ. ಆ ಪಾದಗಳ ಸಂಶೋಧನೆಯಲ್ಲೇ ಏಳು ವರ್ಷ ಸವೆಸಿದ್ದಕ್ಕೆ ಪ್ರಯೋಗಾಲಯದವರು ಅವನಿಗೆ ಕೊಟ್ಟ ಬಿರುದು ಇದು. ಪಾದದೊಳಗಿನ ಎಳೆಗಳನ್ನು ಬಿಗಿದಿಡುವುದು ಒಂದು ಪ್ರೋಟೀನು, ಅದಿಲ್ಲದಿದ್ದರೆ ಹಿಡಿತ ತಪ್ಪುತ್ತದೆ ಎಂಬುದು ಅವನ ಪ್ರಬಂಧ. ಅವನ ಮೇಜಿನ ಮೇಲೆ, ಕೆಂಪು ಮುಚ್ಚಳದ ಗಾಜಿನ ತಟ್ಟೆಯಲ್ಲಿ ಪ್ರೋಟೀನು ಇರುವ ಕೋಶಗಳು, ನೀಲಿಯದರಲ್ಲಿ ಇಲ್ಲದವು. ಸಂಜೆ ಮಾರ್ಗದರ್ಶಕ ಮೇಷ್ಟ್ರು ಇದನ್ನು ಕಣ್ಣಾರೆ ನೋಡಿದರೆ ಪ್ರಬಂಧಕ್ಕೆ ಸಹಿ. ಸಹಿಯಾದರೆ ನಾಳೆಯೇ ದೂರದೂರಿನ ಹೆಂಡತಿಯ ಬಳಿಗೆ ಖಾಯಂ ಪ್ರಯಾಣ. "ಈ ಸಲವೂ ಬರಿಗೈಲಿ ಬಂದ್ರೆ ಬಾಗಿಲೇ ತೆಗೆಯಲ್ಲ" ಎಂದು ಆಕೆ ಹೇಳಿಯಾಗಿತ್ತು.

ಚಹಾ ಮುಗಿಸಿ ಬಂದರೆ ಮೇಜು ಖಾಲಿ!

"ಅಕ್ಕಾ, ನನ್ನ ತಟ್ಟೆಗಳೆಲ್ಲಿ?"

ಆಫೀಸಿನ ಅಕ್ಕ ಇಡೀ ಕಟ್ಟಡದ ಯೋಗಕ್ಷೇಮ ತನ್ನದೇ ಎಂದುಕೊಂಡವರು. "ಹೊರಗಿದ್ರೆ ಕೆಡುತ್ತಲ್ವೇನಪ್ಪಾ? ಫ್ರಿಜ್ಜಲ್ಲಿಟ್ಟಿದೀನಿ, ನನ್ನ ಊಟದ ಡಬ್ಬಿ ಪಕ್ಕ."

ಎದ್ದೆನೋ ಬಿದ್ದೆನೋ ಎಂದು ಓಡಿ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದ. ಕೆಂಪು ತಟ್ಟೆಯ ಕೋಶಗಳು ಚಳಿಗೆ ಮುದುಡಿ ತೇಲುತ್ತಿದ್ದವು. ನೀಲಿಯವು ಮಾತ್ರ ಮನೆ ಖಾಲಿ ಮಾಡದ ಬಾಡಿಗೆದಾರರಂತೆ ಗಟ್ಟಿಯಾಗಿ ಕೂತಿದ್ದವು. ಪ್ರಬಂಧ ಪೂರ್ತಿ ತಲೆಕೆಳಗಾಗಿತ್ತು.

ಮುಚ್ಚಳ ಅದಲುಬದಲು ಮಾಡಿಬಿಟ್ಟರೆ? ಎಲ್ಲವೂ ಬರೆದಂತೆಯೇ ಕಾಣುತ್ತದೆ! ಅವನಿಗೆ ನಾಚಿಕೆಯೇನೋ ಆಯಿತು, ಕೈ ಮಾತ್ರ ಕೇಳಲಿಲ್ಲ. ಮುಚ್ಚಳ ಬದಲಿಸಿ, ಬೆವರಿದ ಮುಖ ತೊಳೆಯಲು ಹೋದ.

ಮರಳಿದಾಗ ಮೇಷ್ಟ್ರು ಆಗಲೇ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ್ದರು. "ಏನಯ್ಯಾ ಇದು? ಕೆಂಪಲ್ಲಿ ಎಲ್ಲಾ ತೇಲ್ತಿವೆ, ನೀಲೀಲಿ ಅಲ್ಲಾಡ್ತಾನೇ ಇಲ್ಲ!"

ಅಕ್ಕ ಅವನ ಕಿವಿಯ ಬಳಿ ಬಂದರು. "ಮುಚ್ಚಳ ಅದಲುಬದಲಾಗಿತ್ತು ಕಣಪ್ಪಾ. ಅಂಚು ಮುಕ್ಕಾದ ತಟ್ಟೆಗೆ ಕೆಂಪು ಅಂತ ನಂಗೆ ನೆನಪಿತ್ತು, ಸರಿ ಮಾಡ್ದೆ." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಕೆಡದ ಹಾಗೆ ಫ್ರಿಜ್ಜಲ್ಲಿಟ್ಟಿದ್ದೂ ನಾನೇ ಸಾರ್!" ಎಂದರು.

ಪಾದಸೇವಕ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೇಷ್ಟ್ರು ಮಾತ್ರ ಕುರ್ಚಿಯಿಂದ ಜಿಗಿದೆದ್ದರು.

"ಫ್ರಿಜ್ಜಲ್ಲಾ? ಪ್ರೋಟೀನಿಲ್ಲದ ಕೋಶಗಳು ಅಷ್ಟು ಚಳೀಲೂ ಹಿಡಿತ ಬಿಡ್ತಿಲ್ಲ ಅಂದ್ರೆ, ಆ ಪ್ರೋಟೀನಿನ ಕೆಲಸ ಪಾದ ಬಿಗಿಯೋದಲ್ಲ, ಬಿಡಿಸೋದು! ನಿನ್ನ ಪ್ರಬಂಧ ಪೂರ್ತಿ ತಪ್ಪು ಕಣಯ್ಯಾ, ಅಭಿನಂದನೆ!"

"ಸಾರ್, ಸಹಿ..."

"ಈಗೆಂಥ ಸಹಿ? ಮೊದಲಿಂದ ಶುರು ಮಾಡು, ಇನ್ನೆರಡು ವರ್ಷದಲ್ಲಿ ಮುಗಿಯುತ್ತೆ" ಎಂದು ಮೇಷ್ಟ್ರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. "ಯಾಕೆ ಹಾಗೆ ನಿಂತೆ? ಹೋಗು, ಹೆಂಡತಿಗೆ ಫೋನ್ ಮಾಡಿ ಒಳ್ಳೆ ಸುದ್ದಿ ಹೇಳು!"